ಎಂಜಿನ್ನಿನ ಉಸಿರು

ಇರುವೆ ಕೆಮ್ಮಿದರೆ ನನಗೆ ಕೇಳಿಸುತ್ತದೆ. ಬರೀ ಕೇಳಿಸುವುದಲ್ಲ, ಅದು ಒಣಕೆಮ್ಮೋ ಕಫದ ಕೆಮ್ಮೋ ಎಂದೂ ಹೇಳಬಲ್ಲೆ. ನಂಬದವರು ಒಂದು ಇರುವೆಯನ್ನು ಹಿಡಿದು ತರಲಿ. ಕೆಮ್ಮಿಸುವುದು ಅವರ ಕೆಲಸ, ಕೇಳಿಸಿಕೊಳ್ಳುವುದು ನನ್ನದು.

ಈ ಮಾತನ್ನು ಆನ್‌ಲೈನ್ ತರಗತಿಯಲ್ಲಿ ಹೇಳಿ ಮುಗಿಸಿ, ಪರದೆಯ ಮೇಲಿನ ಮುಖಗಳಲ್ಲಿ ಭಯಭಕ್ತಿ ಮೂಡಲಿ ಎಂದು ಕಾಯುತ್ತಾ ಕೂತಿದ್ದೆ. ಭಯಭಕ್ತಿಯ ಬದಲು ಬಲಮೂಲೆಯ ಚೌಕದಲ್ಲಿ ಒಂದು ಕೈ ಮೇಲೆದ್ದಿತು. ಸ್ಪ್ಯಾನರಳ ಕೈ. ಅವಳ ಹೆಸರು ಬೇರೆಯೇ ಇದೆ. ಆದರೆ ತರಬೇತಿಗೆ ಸೇರಿದ ದಿನವೇ ಜಡೆಯೊಳಗೆ ಸ್ಪ್ಯಾನರ್ ಸಿಕ್ಕಿಸಿಕೊಂಡು ಬಂದು, ಯಾಕಮ್ಮಾ ಎಂದರೆ, "ಹುಡುಗರು ಎತ್ಕೊಂಡ್ ಹೋಗ್ತಾರೆ ಸರ್" ಎಂದವಳನ್ನು ಇನ್ನೇನೆಂದು ಕರೆಯುವುದು?

"ಸರ್, ಈಗ ಹಾಕಿದ್ರಲ್ಲ, ಆ ಕ್ಲಿಪ್ಪು ಇನ್ನೊಂದ್ಸಲ ಹಾಕ್ತೀರಾ?"

ಹಾಕಿದೆ. ಬೈಕಿನ ಎಂಜಿನ್ನೊಂದು ಮದುಮಗನ ಹಾಗೆ ಹೊಳೆಯುತ್ತಾ ಓಡುತ್ತಿರುವ ವಿಡಿಯೋ. ಜೊತೆಗೆ, ಟ್ಯಾಪೆಟ್ ಸಡಿಲವಾದರೆ ಬರುವ ಟಕಟಕ ಸದ್ದು.

"ಇಲ್ಲೇ ಸರ್, ಇಲ್ಲೇ! ಎಂಜಿನ್ನು ಉಸಿರು ಎಳ್ಕೊಳ್ತು."

"ಎಂಜಿನ್ನು ಉಸಿರು ಎಳ್ಕೊಳ್ಳದೆ ಮತ್ತೇನಮ್ಮಾ ಮಾಡುತ್ತೆ? ಗಾಳಿ ಇಲ್ಲದೆ ಪೆಟ್ರೋಲು ಉರಿಯುತ್ತಾ? ಇಷ್ಟು ದಿನ ಏನು ಕಲಿತೆ ನೀನು?"

"ಎಂಜಲೂ ನುಂಗ್ತು ಸರ್" ಎಂದ ಹಾರ್ನ್. ತರಗತಿ ಆನ್‌ಲೈನಾದರೇನು, ಕೊನೆಯ ಬೆಂಚು ಎಂಬುದು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಕೂರುವವನೇ ಈ ಹಾರ್ನ್. ಚೌಕಗಳಲ್ಲಿದ್ದ ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ನಗುತ್ತಿದ್ದರು. ನಾನು ಗಂಭೀರವಾಗಿ ಮುಂದಿನ ಕ್ಲಿಪ್ಪಿಗೆ ಹೋದೆ. ಆದರೆ ಸ್ಪ್ಯಾನರಳ ಹುಬ್ಬು ಗಂಟಿಕ್ಕಿದ್ದು ಗಂಟಿಕ್ಕಿದ ಹಾಗೇ ಇತ್ತು. ಆಗಲೇ ನನಗೆ ಅನುಮಾನ ಬಂತು. ಈ ಹುಡುಗಿಯ ಹಿಂದೆ ಯಾರೋ ಇದ್ದಾರೆ.

ನಾನು ಬೈಕ್ ದುರಸ್ತಿ ಕಲಿಸುವ ಮೇಷ್ಟ್ರು. ನಮ್ಮ ತರಬೇತಿ ಕೇಂದ್ರದ ವರ್ಕ್‌ಶಾಪಿನ ಚಾವಣಿ ಶಿಥಿಲವಾಗಿದೆ ಎಂದು ಯಾರೋ ಬರೆದುಕೊಟ್ಟರು. ಆ ಚಾವಣಿ ಶಿಥಿಲವಾದದ್ದು ನಾನು ಒಮ್ಮೆ ಅದರ ಕೆಳಗೆ ಸೀನಿದ್ದರಿಂದ, ಅದು ಬೇರೆ ಕಥೆ. ಹೊಸ ಚಾವಣಿ ಬರುವ ತನಕ ಪಾಠವೆಲ್ಲ ಆನ್‌ಲೈನ್ ಎಂದು ಪ್ರಿನ್ಸಿಪಾಲ್ ಮೇಡಂ ಆಜ್ಞೆ ಹೊರಡಿಸಿದರು. ಜೊತೆಗೊಂದು ಬಾಲಂಗೋಚಿ: "ಬರೀ ಮಾತಾಡ್ತಾ ಕೂರ್ಬೇಡಿ ಮೇಷ್ಟ್ರೇ. ನೀವು ಮಾತಾಡೋಕೆ ಶುರು ಮಾಡಿದ್ರೆ ಮಕ್ಕಳು ಊಟ ಮಾಡಿ ಮಲಗಿ ಎದ್ದು ಬರ್ತಾರೆ. ಆಡಿಯೋ ವಿಡಿಯೋ ಕ್ಲಿಪ್ ಹಾಕಿ. ಕಣ್ಣಲ್ಲಿ ನೋಡ್ಬೇಕು, ಕಿವೀಲಿ ಕೇಳ್ಬೇಕು."

ದುರಸ್ತಿಯಲ್ಲಿ ಅರ್ಧ ವಿದ್ಯೆ ಕಿವಿಯದು. ಟ್ಯಾಪೆಟ್ ಸಡಿಲವಾದರೆ ಒಂದು ಸದ್ದು, ಚೈನು ಜೋತುಬಿದ್ದರೆ ಒಂದು, ಪಿಸ್ಟನ್ ಸವೆದರೆ ಇನ್ನೊಂದು. ಎಲ್ಲಕ್ಕಿಂತ ಕಪಟಿ ಎಂದರೆ ಬೇರಿಂಗು. ಸವೆಯಲು ಶುರುವಾದಾಗ ಸಣ್ಣಗೆ, ಕೂದಲೆಳೆಯಷ್ಟು ಸಣ್ಣಗೆ ಸಿಳ್ಳೆ ಹೊಡೆಯುತ್ತದೆ. ಆ ಸಿಳ್ಳೆಯನ್ನು ಹಿಡಿದವನು ಎಂಜಿನ್ ಉಳಿಸುತ್ತಾನೆ, ಬಿಟ್ಟವನು ಎಂಜಿನ್ನಿನ ಮಾಲೀಕನ ಕೈಯಲ್ಲಿ ಬೈಸಿಕೊಳ್ಳುತ್ತಾನೆ. ಹಾಗಾಗಿ ಫೋನು ಹಿಡಿದು ಪರಿಚಯದ ಗ್ಯಾರೇಜಿಗೆ ಹೋದೆ. ಕೆಟ್ಟ ಬೈಕುಗಳನ್ನೆಲ್ಲ ಓಡಿಸಿ ವಿಡಿಯೋ ಮಾಡಿಕೊಂಡು ಬಂದೆ. ಮನೆಯಲ್ಲಿ ಹಾಕಿ ನೋಡಿದರೆ ಎಲ್ಲ ಒಂದೇ: ಗುರ್ರ್, ಗುರ್ರ್, ಗುರ್ರ್. ಟ್ಯಾಪೆಟ್ಟೂ ಇಲ್ಲ, ಸಿಳ್ಳೆಯೂ ಇಲ್ಲ. ಸಣ್ಣ ಸದ್ದುಗಳನ್ನೆಲ್ಲ ಫೋನು ನುಂಗಿ ನೀರು ಕುಡಿದಿತ್ತು. ಫೋನ್ ಮಾಡುವವರಿಗೂ ಬೈಕ್ ಮಾಡುವವರಿಗೂ ಒಳಒಪ್ಪಂದ ಇರಬೇಕು ಎಂದು ನನಗೆ ಅಂದೇ ಅನಿಸಿತು. ನಿಮಗೆ ಅನಿಸದಿದ್ದರೆ ಅದು ನಿಮ್ಮ ಒಳ್ಳೆಯತನ.

ಹೋಗಲಿ. ಫೋನು ಕೈಕೊಟ್ಟರೆ ಬಾಯಿ ಇಲ್ಲವೇ? ಹುಟ್ಟಿದಾಗ ನಾನು ಅತ್ತಿರಲಿಲ್ಲವಂತೆ, ಸ್ಟಾರ್ಟ್ ಆಗಿದ್ದೆನಂತೆ. ಒಮ್ಮೆ ಸುಮ್ಮನೆ ರಸ್ತೆಯಲ್ಲಿ ನಡೆದು ಹೋಗುತ್ತಾ ಬೇಸರಕ್ಕೆ ಬಾಯಲ್ಲೇ ಗೇರ್ ಬದಲಿಸಿದೆ. ಟ್ರಾಫಿಕ್ ಪೊಲೀಸಿನವನು ಅಡ್ಡಹಾಕಿ, ಹೆಲ್ಮೆಟ್ ಎಲ್ಲಿ ಎಂದು ದಂಡ ಹಾಕಿಯೇ ಬಿಟ್ಟ. ನಮ್ಮ ಮೆಟ್ಟಿಲ ಕೆಳಗೆ ಮಲಗುವ ಬೀದಿ ನಾಯಿ ಅಂದಿನಿಂದ ನನ್ನನ್ನು ಕಂಡರೆ ಬೆನ್ನಟ್ಟುತ್ತದೆ, ಚಕ್ರ ಕಚ್ಚಲು.

ಹೀಗೆ ನಾನು ಮಲಗುವ ಕೋಣೆಯ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ, ಹೊರಗಿನ ಗಲಾಟೆ ಸೇರದಂತೆ ಕೋಟುಗಳ ನಡುವೆ ಮುಖವಿಟ್ಟು, ಒಂದೊಂದೇ ಸದ್ದನ್ನು ಬಾಯಲ್ಲಿ ಮಾಡಿ ರೆಕಾರ್ಡ್ ಮಾಡಿದೆ. ಮಾಡುವುದು, ಹಾಕಿ ಕೇಳುವುದು, ಸರಿಯಿಲ್ಲದಿದ್ದರೆ ಮತ್ತೆ ಮಾಡುವುದು. ಟ್ಯಾಪೆಟ್ ಸುಲಭಕ್ಕೆ ಬಗ್ಗಿತು. ಬೇರಿಂಗ್ ಮಾತ್ರ ಬೆವರಿಳಿಸಿತು. ಎಷ್ಟು ಸಣ್ಣಗೆ ಮಾಡಿದರೂ ಫೋನು ನುಂಗುತ್ತಿತ್ತು. ಕೊನೆಗೆ ಸದ್ದನ್ನು ಇಳಿಸಿ, ಇಳಿಸಿ, ಒಂದು ಒಳ್ಳೆಯ ಮಟ್ಟಕ್ಕೆ ತಂದು ನಿಲ್ಲಿಸಿದೆ. ಹಿಂದೆ ತಿರುಗಿದರೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಯಾವಾಗ ಬಂದಳೋ! ಈಚೆಗೆ ಅವಳು ಬೆಕ್ಕಿನ ಹಾಗೆ ಓಡಾಡುತ್ತಾಳೆ.

"ರೀ, ಆಗ್ಲಿಂದ ಕೂಗ್ತಿದ್ದೀನಿ. ಬೀರುವೊಳಗೆ ಯಾರಿದ್ದಾರೆ?"

"ಯಾರಿರ್ತಾರೆ? ಬೇರಿಂಗು."

"ಮದುವೆಯಾದಾಗ ಹೀಗಿರ್ಲಿಲ್ಲಪ್ಪಾ ನೀವು" ಎಂದು ಅವಳು ಫೋನನ್ನು ಕೈಗೆ ತೆಗೆದುಕೊಂಡಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಬಟ್ಟೆಗೆ ಲೈನಿಂಗ್ ಕೊಡುವಷ್ಟೇ ಸಲೀಸಾಗಿ ವಿಡಿಯೋಗೆ ಸದ್ದು ಜೋಡಿಸುತ್ತಾಳೆ. ಗ್ಯಾರೇಜಿನ ವಿಡಿಯೋಗಳನ್ನು ಒಮ್ಮೆ ಹಾಕಿ ಕೇಳಿದಳು. ಆಮೇಲೆ ನನ್ನ ಬಾಯಿಯ ಸದ್ದುಗಳನ್ನು ಕೇಳಿದಳು. ನನ್ನ ಮುಖ ನೋಡಿದಳು.

"ಅಸಲಿದನ್ನ ತೆಗೆದು ಇದನ್ನ ಹಾಕ್ಬೇಕಾ? ಯೋಚ್ನೆ ಮಾಡಿ ಹೇಳಿ."

"ಅಸಲಿದ್ರಲ್ಲಿ ಏನಿದೆ ಮಣ್ಣು? ಇದನ್ನೇ ಹಾಕು."

ಹಾಕಿದಳು. ಹೆಂಡತಿ ಮರುಮಾತಾಡದೆ ಹೇಳಿದ ಕೆಲಸ ಮಾಡಿದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಬಂದೇ ಬಂತು.

ಸುಮ್ಮನೆ ಬಂದದ್ದಲ್ಲ. ಈಚೆಗೆ ಇಡೀ ಜಗತ್ತಿಗೆ ಪಿಸುಗುಟ್ಟುವ ರೋಗ ಹಿಡಿದಿದೆ. ಅಂಗಡಿಯವನು ಬೆಲೆಯನ್ನು ಗುಟ್ಟು ಹೇಳುವವನಂತೆ ಹೇಳುತ್ತಾನೆ. ಬಸ್ಸಿನ ಕಂಡಕ್ಟರ್ ತುಟಿ ಅಲ್ಲಾಡಿಸುತ್ತಾನೆ ಅಷ್ಟೇ. ಮನೆಯಲ್ಲಿ ಇವಳು ನನಗೆ ಬೆನ್ನು ಹಾಕಿ ಗೋಡೆಯ ಜೊತೆ ಮಾತಾಡುತ್ತಾಳೆ, ಆಮೇಲೆ "ಹೇಳಿದ್ನಲ್ಲ!" ಎಂದು ನನ್ನ ಮೇಲೆ ರೇಗುತ್ತಾಳೆ. ನಮ್ಮ ಟೀವಿಯ ದನಿ ಸಾಲದು ಎಂದು ಸ್ವಲ್ಪ ಏರಿಸಿದರೆ ಪಕ್ಕದ ಮನೆಯಾತ ಗೋಡೆ ಗುದ್ದುತ್ತಾನೆ, ಹೊಟ್ಟೆಕಿಚ್ಚಿನವನು. ಗುದ್ದಿದ್ದು ಗೊತ್ತಾಗುವುದು ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲಾಡಿದಾಗ. ಸ್ಟಾಫ್ ರೂಮಿನಲ್ಲಿ ಇಬ್ಬರು ತಲೆಗೆ ತಲೆ ತಾಗಿಸಿ ಕೂತಿದ್ದರೆ ಅದು ನನ್ನ ವಿಷಯವೇ. ಇಲ್ಲದಿದ್ದರೆ ನನಗೆ ಕೇಳುವ ಹಾಗೆ ಮಾತಾಡಲು ಅವರಿಗೇನು ಕಷ್ಟ? ಅದಕ್ಕೇ ನನ್ನ ತರಗತಿಯಲ್ಲಿ ಕಟ್ಟುನಿಟ್ಟಿನ ನಿಯಮ: ಎಲ್ಲರೂ ಕ್ಯಾಮೆರಾ ಹಾಕಬೇಕು, ಮುಖಕ್ಕೆ ಬೆಳಕು ಬೀಳಬೇಕು, ಬಾಯಿ ತೆರೆದು ಮಾತಾಡಬೇಕು. ಫೋನ್ ಮಾಡಬಾರದು, ಏನಿದ್ದರೂ ಬರೆದು ಕಳಿಸಬೇಕು. ಬರೆದರೆ ಭಾಷೆ ಸುಧಾರಿಸುತ್ತದೆ.

ಸ್ಪ್ಯಾನರ್ ಬರೆದಳು. ಅವಳ ಬರಹದಲ್ಲಿ ತಪ್ಪೇ ಇರುವುದಿಲ್ಲ, ಅದೂ ಅನುಮಾನದ ವಿಷಯವೇ.

"ಸರ್, ಸೋಮವಾರ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ನನಗೆ ಆಯ್ಕೆ ಪರೀಕ್ಷೆ. ಬೈಕ್ ಓಡಿಸಿ ಸದ್ದು ಕೇಳಿಸುತ್ತಾರಂತೆ, ಏನು ಕೆಟ್ಟಿದೆ ಎಂದು ಹೇಳಬೇಕಂತೆ. ಬೇರಿಂಗ್ ಸದ್ದು ಕೇಳಿಸಿಯೇ ಕೇಳಿಸುತ್ತಾರಂತೆ. ಹುಡುಗಿಗೆ ಯಾಕೆ ಈ ಗ್ರೀಸು ಎಂದು ಅಮ್ಮ ಮೊದಲಿಂದಲೂ ಹೇಳುತ್ತಿದ್ದಾರೆ. ಈ ಸಲ ಆಗದಿದ್ದರೆ ಚಿಕ್ಕಮ್ಮನ ಬಟ್ಟೆ ಅಂಗಡಿಗೆ ಹೋಗಬೇಕು, ಹಾಗೆಂದು ಮಾತು ಕೊಟ್ಟಿದ್ದೇನೆ. ನನ್ನ ಸೋದರಮಾವನ ಗ್ಯಾರೇಜಿನಲ್ಲಿ ಬೇರಿಂಗ್ ಹೋದ ಬೈಕ್ ಒಂದಿದೆ. ಅದರ ಸದ್ದಿಗೂ ನಿಮ್ಮ ಕ್ಲಿಪ್ಪಿನ ಸದ್ದಿಗೂ ಸಂಬಂಧವೇ ಇಲ್ಲ. ಅದು ಸಿಳ್ಳೆಯ ಹಾಗಿದೆ, ನಿಮ್ಮದು ಗೊರಕೆಯ ಹಾಗಿದೆ. ಯಾವುದನ್ನು ನಂಬಲಿ?"

ಗೊರಕೆ! ಬೀರುವಿನಲ್ಲಿ ಬೆವರು ಹರಿಸಿ ಮಾಡಿದ ಬೇರಿಂಗಿಗೆ ಗೊರಕೆ ಎನ್ನುವ ಧೈರ್ಯ ಒಂಟಿ ಹುಡುಗಿಗೆ ಬರುವುದಲ್ಲ. ಇದರ ಹಿಂದೆ ಪ್ರಿನ್ಸಿಪಾಲ್ ಮೇಡಂ ಇದ್ದಾರೆ ಎಂಬುದು ನನಗೆ ಖಾತ್ರಿಯಾಯಿತು. ಆಯಮ್ಮನಿಗೆ ಮೊದಲಿಂದಲೂ ನನ್ನ ಕೀರ್ತಿಯ ಮೇಲೆ ಒಂದು ಕಣ್ಣು. ಹುಡುಗಿಯ ಕೈಯಲ್ಲಿ ಪ್ರಶ್ನೆ ಕೇಳಿಸಿ, ನನ್ನ ಉತ್ತರವನ್ನು ಹಿಡಿದಿಟ್ಟುಕೊಂಡು, ಚಾವಣಿ ಬಂದರೂ ಮೇಷ್ಟ್ರು ಬೇಡ ಎನ್ನುವ ಸಂಚು. ನಾನು ಎರಡೇ ಪದ ಬರೆದೆ.

"ನನ್ನ ಕ್ಲಿಪ್ಪನ್ನು."

ಬರೆದು ಕಳಿಸಿ, ಚಹಾ ಕುಡಿದೆ. ಆ ಚಹಾಕ್ಕೆ ರುಚಿಯಿರಲಿಲ್ಲ. ಸಕ್ಕರೆ ಹಾಕಿದ್ದಾಳೋ ಇಲ್ಲವೋ ಎಂದು ಹೆಂಡತಿಯನ್ನು ಕೇಳಬೇಕೆಂದುಕೊಂಡು, ಅವಳು ಬೆನ್ನು ಹಾಕಿ ಕೂತಿದ್ದರಿಂದ ಸುಮ್ಮನಾದೆ.

ಶನಿವಾರದ ತರಗತಿಗೆ ಮೇಡಂ ತಾವೇ ಬಂದು ಕೂತರು. ಹೇಳದೆ ಕೇಳದೆ ಒಂದು ಹೊಸ ಚೌಕ ಮೂಡಿತು, ಅದರಲ್ಲಿ ಅವರ ಕನ್ನಡಕ. "ನೀವು ಮುಂದುವರಿಸಿ ಮೇಷ್ಟ್ರೇ, ನಾನು ಇಲ್ಲ ಅಂದ್ಕೊಳ್ಳಿ" ಎಂದರು. ಹುಲಿ ಬಂದು ಪಕ್ಕದಲ್ಲಿ ಕೂತು, ನಾನು ಇಲ್ಲ ಅಂದುಕೋ ಎಂದ ಹಾಗೆ. ನಾನು ಹೆಡ್‌ಫೋನ್ ಬದಿಗಿಟ್ಟು, ಫೋನನ್ನು ಸ್ಪೀಕರಿಗೆ ಹಾಕಿ, ದನಿಯನ್ನು ತುದಿಯವರೆಗೂ ಏರಿಸಿದೆ. ನನ್ನ ಸ್ಪೀಕರ್ ಎಂಥದ್ದು ಎಂದರೆ, ಅದರ ಎದುರು ಒಣಹಾಕಿದ ಬಟ್ಟೆ ಹಾರಿ ಪಕ್ಕದ ಬೀದಿಗೆ ಹೋದದ್ದಿದೆ.

ನಾನು ಅಂದುಕೊಂಡ ಹಾಗೇ ಸ್ಪ್ಯಾನರ್ ಕೈ ಎತ್ತಿದಳು.

"ಸರ್, ಮಾವನ ಗ್ಯಾರೇಜಿಂದ ನಾನೇ ಕ್ಲಿಪ್ ಮಾಡ್ಕೊಂಡ್ ಬಂದಿದ್ದೀನಿ. ಹಾಕ್ಲಾ? ಏನಾಗಿದೆ ಅಂತ ನೀವು ಹೇಳಿದ್ರೆ ನಮ್ಗೆ ಸೋಮವಾರದ ಒಳಗೆ ತಲೆಗೆ ಹತ್ತುತ್ತೆ."

"ಹಾಕಮ್ಮಾ. ಒಂದಲ್ಲ, ಒಂದು ಲಾರಿ ತುಂಬ ಹಾಕು."

ಮೊದಲನೆಯದು ಬಂತು. ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಥರಥರ ನಡುಗುತ್ತಿತ್ತು, ಚೈನು ಕೆಳಗೆ ಜೋತು ಬಿದ್ದು ಸ್ಟ್ಯಾಂಡಿಗೆ ಬಡಿಯುತ್ತಿತ್ತು. "ಚೈನು! ಮಗು ಕೂಡ ಹೇಳುತ್ತೆ" ಎಂದೆ. ಎಲ್ಲರೂ ತಲೆಯಾಡಿಸಿದರು. ಎರಡನೆಯದರಲ್ಲಿ ಸೈಲೆನ್ಸರಿನಿಂದ ನೀಲಿ ಹೊಗೆ. "ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡ್ತಿದೆ. ಸದ್ದಲ್ಲೇ ಗೊತ್ತಾಗುತ್ತೆ ನೋಡಿ, ಕೇಳಿಸ್ಕೊಂಡ್ರಾ?" ಹಾರ್ನ್ ಚಪ್ಪಾಳೆ ತಟ್ಟುವ ಹಾಗೆ ಕೈ ಮಾಡಿದ. ಮೇಡಮ್ಮಿನ ಕನ್ನಡಕ ಸ್ವಲ್ಪ ಕೆಳಗಿಳಿಯಿತು. ನನ್ನ ಎದೆ ಇಷ್ಟಗಲ ಆಯಿತು, ಕುರ್ಚಿಯ ಕೈಗಳು ಮುರಿಯದಿದ್ದುದೇ ಹೆಚ್ಚು.

"ಇದು ಕೊನೇದು ಸರ್. ಕತ್ತಲೆ ಶೆಡ್ಡಲ್ಲಿ ತೆಗ್ದಿದ್ದು, ಚಿತ್ರ ಏನೂ ಕಾಣಲ್ಲ. ಸದ್ದು ಮಾತ್ರ."

ಪರದೆ ಕಪ್ಪಾಯಿತು. ಪಕ್ಕದ ಚೌಕಗಳಲ್ಲಿ ಮುಖಗಳು ಮಾತ್ರ ಇದ್ದವು. ಕಪ್ಪು. ಇನ್ನೂ ಕಪ್ಪು. ನಾನು ಫೋನಿನ ಕಡೆ ಬಾಗಿದೆ. ಏನೂ ಇರಲಿಲ್ಲ. ಬಾವಿಯ ತಳದಂಥ ನಿಶ್ಶಬ್ದ. ಸ್ಪ್ಯಾನರ್ ಕಣ್ಣೆವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದಳು. ಮೇಡಂ ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಬಲೆಯ ದಾರವೆಲ್ಲ ಒಂದೊಂದಾಗಿ ಕಂಡಿತು. ಎರಡು ಅಸಲಿ ಕ್ಲಿಪ್ ಹಾಕಿ ನಂಬಿಸಿ, ಮೂರನೆಯದಕ್ಕೆ ಸದ್ದೇ ಇಲ್ಲದ ಕ್ಲಿಪ್ ಹಾಕುವುದು. ಮೇಷ್ಟ್ರು ಜಂಬಕ್ಕೆ ಏನಾದರೂ ಒದರಿದರೆ ಹಿಡಿದುಕೊಳ್ಳುವುದು. ನನ್ನನ್ನು ಯಾರೆಂದು ತಿಳಿದಿದ್ದಾರೆ?

ನಾನು ನಿಧಾನವಾಗಿ ಬೆನ್ನು ಒರಗಿಸಿ ಕೂತು, ನಕ್ಕೆ.

"ಏನಮ್ಮಾ ಸ್ಪ್ಯಾನರ್, ನನ್ಗೇ ಟೋಪಿ ಹಾಕೋಕೆ ಬಂದ್ಯಾ? ಈ ಕ್ಲಿಪ್ಪಲ್ಲಿ ಸದ್ದೇ ಇಲ್ಲ! ಖಾಲಿ! ಇರುವೆ ಕೆಮ್ಮಿದ್ರೆ ಕೇಳೋ ಕಿವಿ ಇದು. ಮೇಡಂ, ನೀವೂ ಸೇರ್ಕೊಂಡಿದ್ದೀರಾ ಇದ್ರಲ್ಲಿ? ಇರ್ಲಿ, ಇರ್ಲಿ, ಬೇಜಾರಿಲ್ಲ."

ಗೆದ್ದೆ ಎಂದುಕೊಂಡು ಚೌಕಗಳ ಕಡೆ ನೋಡಿದೆ. ಒಬ್ಬರೂ ನಗುತ್ತಿರಲಿಲ್ಲ. ಹಾರ್ನ್ ಕೂಡ ನಗುತ್ತಿರಲಿಲ್ಲ. ಅವನು ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದ, ಏನೋ ಚುಚ್ಚುತ್ತಿರುವವನ ಹಾಗೆ. ಸ್ಪ್ಯಾನರಳ ಗಂಟಿಕ್ಕಿದ ಹುಬ್ಬು ಮೊದಲ ಸಲ ಸಡಿಲವಾಗಿತ್ತು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮೇಷ್ಟ್ರೇ" ಎಂದರು, ಪ್ರತಿ ಅಕ್ಷರವನ್ನೂ ಬಿಡಿಸಿ. "ನಿಮ್ಗೆ ಅದು ಕೇಳಿಸ್ಲಿಲ್ವಾ?"

ನನ್ನ ಕೋಣೆಯ ಬಾಗಿಲು ತೆರೆಯಿತು. ಹೆಂಡತಿ. ಕೈಯಲ್ಲಿ ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ಪುಟ್ಟ ಡಬ್ಬಿ, ಅದರ ಮೂತಿಯಲ್ಲೊಂದು ತೊಟ್ಟು.

"ರೀ, ಅದು ನಿಮ್ಮ ಫೋನಾ?" ಎಂದಳು. "ಕಿವಿ ಕಿತ್ತುಹೋಗೋ ಹಾಗೆ ಸಿಳ್ಳೆ. ನನ್ನ ಮಿಷನ್ನೇ ಕೂಗ್ತಿದೆ ಅಂತ ಎಣ್ಣೆ ಬಿಡ್ತಾ ಕೂತಿದ್ದೆ ನೋಡಿ."

ನಾನು ಅವಳ ಕೈಯ ಡಬ್ಬಿಯನ್ನೇ ನೋಡಿದೆ. ಆ ತೊಟ್ಟು ಬಿದ್ದು ನೆಲದ ಮೇಲೆ ಹರಡಿಕೊಂಡಿತು. ಪರದೆಯ ಕಡೆ ತಿರುಗಿ, "ನೆಟ್‌ವರ್ಕು! ಇಲ್ಲಿ ನೆಟ್‌ವರ್ಕ್ ಹೋಗ್ತಾ ಬರ್ತಾ ಇದೆ, ನನ್ಗೆ ಏನೂ ಬರ್ತಿಲ್ಲ" ಎಂದು ಕೂಗಿ ತರಗತಿಯನ್ನು ಮುಚ್ಚಿಬಿಟ್ಟೆ. ನೆಟ್‌ವರ್ಕ್ ಎಂಬುದು ನಮ್ಮಂಥವರಿಗಾಗಿಯೇ ಕೆಡುವುದು.

ಹೆಂಡತಿ ಹೋಗಲಿಲ್ಲ. ಎದುರಿಗೆ ಸ್ಟೂಲು ಎಳೆದುಕೊಂಡು, ನನಗೆ ಮುಖ ಕಾಣುವ ಹಾಗೆ ಕೂತಳು.

"ಗ್ಯಾರೇಜಿಂದ ನೀವು ತಂದ ವಿಡಿಯೋಗಳಲ್ಲೂ ಅದೇ ಸಿಳ್ಳೆ ಇತ್ತು. ಎಲ್ಲಾ ಸದ್ದೂ ಇತ್ತು. ಒಂದೂ ಅಳಿಸಿಲ್ಲ ನಾನು, ಎತ್ತಿಟ್ಟಿದ್ದೀನಿ."

"ಅವತ್ತೇ ಹೇಳೋಕೇನಾಗಿತ್ತು ನಿನ್ಗೆ?"

"ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ."

"ಫೋನ್ ಸರಿಯಿಲ್ಲ ಕಣೇ" ಎಂದೆ. ಅವಳು ಎದ್ದು, ನೆಲದ ಎಣ್ಣೆಯನ್ನು ಚಿಂದಿಯಿಂದ ಒರೆಸಿ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಪೇಪರಿನ ಅಂಚಿನಾಚೆಗೆ ಒಂದು ಬೈಕಿನ ಚಕ್ರ ಬಂದು ನಿಂತಿತು. ಮೇಲೆ ಸ್ಪ್ಯಾನರ್. ಪರದೆಯಲ್ಲಿ ಅಂಗೈಯಷ್ಟಿದ್ದ ಹುಡುಗಿ ನಿಜದಲ್ಲಿ ನನಗಿಂತ ಎತ್ತರವಿದ್ದಳು. ಜಡೆಯಲ್ಲಿ ಸ್ಪ್ಯಾನರ್ ಇದ್ದೇ ಇತ್ತು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಗ್ರೀಸೋ, ನಿದ್ದೆಗೆಟ್ಟದ್ದೋ.

"ಸರ್, ನಾಳೆ ಪರೀಕ್ಷೆ" ಎಂದಳು. ಎದುರಿಗೆ ನಿಂತು, ಬಾಯಿ ತೆರೆದು, ನಿಧಾನವಾಗಿ. ಯಾರು ಹೇಳಿಕೊಟ್ಟರೋ. "ಮಾವನ ಗ್ಯಾರೇಜಿನ ಆ ಬೈಕು ಇದೇ. ಆದ್ರೆ..."

"ಒಳ್ಳೇ ಕೆಲಸ ಮಾಡ್ದೆ. ಕ್ಲಿಪ್ಪು ಗಿಪ್ಪು ಎಲ್ಲ ಸುಳ್ಳು, ಎದುರಿಗೆ ನಿಂತು ಕೇಳ್ಬೇಕು ಎಂಜಿನ್ನನ್ನ. ಸ್ಟಾರ್ಟ್ ಮಾಡು."

ಸ್ಟಾರ್ಟ್ ಮಾಡಿದಳು. ನಾನು ಒಳಗಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಆನಿಸಿಕೊಂಡು ಬಾಗಿದೆ. ಹಳೆಯ ಮೆಕ್ಯಾನಿಕ್ಕುಗಳೆಲ್ಲ ಹಾಗೇ ಕೇಳುವುದು, ಡಾಕ್ಟರು ಎದೆಬಡಿತ ಕೇಳುವ ಹಾಗೆ. ದವಡೆಗೆ ನಡುಕ ಬಂತು. ಎಲ್ಲ ಎಂಜಿನ್ನಿನಲ್ಲೂ ಬರುವ ನಡುಕ. ಗುರ್ರ್, ಗುರ್ರ್. ಓರೆಗಣ್ಣಿನಲ್ಲಿ ಅವಳ ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ. ಆದರೆ ನಿನ್ನೆಯ ಪಾಠ ಕಲಿತಿದ್ದೆ. ಸಿಳ್ಳೆ ಇದ್ದದ್ದನ್ನು ಇಲ್ಲ ಎಂದು ಕೆಟ್ಟಿದ್ದೆ, ಇನ್ನೊಮ್ಮೆ ಅದೇ ತಪ್ಪು ಮಾಡುವ ದಡ್ಡನೇ ನಾನು?

"ಆಹಾ!" ಎಂದೆ. "ಏನು ಸಿಳ್ಳೆ, ಏನು ಸಿಳ್ಳೆ! ನಿನ್ನೆ ಆ ದರಿದ್ರ ನೆಟ್‌ವರ್ಕಿಂದ ಮಾನ ಹೋಯ್ತು ನೋಡು. ಇಲ್ಲಿ ಸೂಜಿಯ ಹಾಗೆ ನೆಡ್ತಿದೆ. ಇದೇ ಬೇರಿಂಗು. ಸರಿಯಾಗಿ ಕೇಳಿಸ್ಕೋ, ನಾಳೆ ಇದೇ ಬರೋದು."

ಸ್ಪ್ಯಾನರ್ ಬೈಕನ್ನು ಆಫ್ ಮಾಡಿದಳು. ನೆಲ ನೋಡಿದಳು. ಆಮೇಲೆ, ನೆಲ ನೋಡಿದರೆ ನನಗೆ ಗೊತ್ತಾಗದು ಎಂದು ನೆನಪಾದವಳ ಹಾಗೆ, ತಲೆಯೆತ್ತಿದಳು.

"ಸರ್, ಮಾವ ಬೆಳಿಗ್ಗೇನೇ ಬೇರಿಂಗ್ ಬದಲಾಯಿಸ್ಬಿಟ್ರು. ಗಿರಾಕಿ ಬಂದು ಕೂತಿದ್ದ. ಒಂದು ಸುತ್ತು ಓಡಿಸಿ ನೋಡ್ಕೊಂಡ್ ಬಾ ಅಂದ್ರು, ಹಾಗೇ ಇಲ್ಲಿಗೆ ತಂದೆ. ಈಗ ಸಿಳ್ಳೆ ಇಲ್ಲ. ಅದನ್ನೇ ಹೇಳೋಣ ಅಂತಿದ್ದೆ, ನೀವು ಸ್ಟಾರ್ಟ್ ಮಾಡು ಅಂದ್ರಿ."

ನಾನು ಸ್ಕ್ರೂಡ್ರೈವರನ್ನು ಇನ್ನೂ ಕಿವಿಗೇ ಹಿಡಿದುಕೊಂಡಿದ್ದೆ. ಅದನ್ನು ಇಳಿಸುವುದು ಹೇಗೆಂದು ತಿಳಿಯಲಿಲ್ಲ. ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಹೇಳಲು ಬಾಯಿಗೆ ಬಂದದ್ದು ಬೇಕಾದಷ್ಟಿತ್ತು. ಸ್ಕ್ರೂಡ್ರೈವರ್ ತುಕ್ಕು ಹಿಡಿದಿದೆ. ಗಾಳಿ ಎದುರಿಗಿದೆ. ನಿಮ್ಮ ಮಾವ ಹಾಕಿದ ಹೊಸ ಬೇರಿಂಗೇ ನಕಲಿ. ಈ ಕೊನೆಯದು ಎಷ್ಟು ಚೆನ್ನಾಗಿತ್ತೆಂದರೆ, ಬಿಡಲು ಹೊಟ್ಟೆ ಉರಿಯಿತು. ಸ್ಪ್ಯಾನರಳ ಕಣ್ಣಿನ ಕೆಳಗಿನ ಕಪ್ಪು ಗ್ರೀಸಲ್ಲ ಎಂದು ಆ ಹೊತ್ತಿಗೆ ಗೊತ್ತಾಗದಿದ್ದರೆ ಹೇಳಿಯೇ ಬಿಡುತ್ತಿದ್ದೆನೋ ಏನೋ.

"ಕೇಳಿಸಲ್ಲಮ್ಮಾ" ಎಂದೆ.

ಸ್ಕ್ರೂಡ್ರೈವರನ್ನು ಕಿವಿಯಿಂದ ಇಳಿಸಿದೆ.

"ಸಣ್ಣ ಸದ್ದು ಯಾವುದೂ ಕೇಳಿಸಲ್ಲ. ಮೊದಲು ಸಿಳ್ಳೆ ಹೋಯ್ತು, ಆಮೇಲೆ ಟ್ಯಾಪೆಟ್ಟು. ಈಗ ಮಾತೂ ಅರ್ಧಂಬರ್ಧ, ಬಾಯಿ ನೋಡಿ ತಿಳ್ಕೊಳ್ತೀನಿ. ಎಂಜಿನ್ನುಗಳ ಪಕ್ಕ ಇಷ್ಟು ವರ್ಷ ನಿಂತು ನಿಂತು... ಫೋನು ಸರಿಯಾಗೇ ಇತ್ತು. ನನ್ನ ಕ್ಲಿಪ್ಪುಗಳೆಲ್ಲ ಬಾಯಲ್ಲಿ ಮಾಡಿದ್ದು. ಆ ಬೇರಿಂಗನ್ನ ನಂಗೆ ಕೇಳಿಸೋ ತನಕ ಇಳಿಸ್ತಾ ಹೋದೆ, ಅದಕ್ಕೇ ಅದು ಗೊರಕೆ ಆಯ್ತು. ನೀನು ಬರೆದದ್ದು ಸರಿ. ನಾನು ಬರೆದದ್ದು ತಪ್ಪು. ನಿನ್ನ ಕಿವಿಯನ್ನ ನಂಬು, ನನ್ನ ಕ್ಲಿಪ್ಪನ್ನಲ್ಲ."

ಇಷ್ಟು ಹೊತ್ತು ಓದಿದ ನಿಮಗೂ ಹೇಳಿಬಿಡುತ್ತೇನೆ. ಪೊಲೀಸಿನವನು ದಂಡ ಹಾಕಿದ್ದು ನಿಜ, ಆದರೆ ನಾನು ಬೈಕಿನ ಮೇಲೇ ಇದ್ದೆ; ಅವನ ಸೀಟಿ ಕೇಳಿಸದೆ ಮುಂದೆ ಹೋಗಿದ್ದಕ್ಕೆ. ನಾಯಿ ಯಾವತ್ತೂ ನನ್ನನ್ನು ಬೆನ್ನಟ್ಟಿಲ್ಲ. ಇರುವೆಯ ವಿಷಯ ನಿಮಗೇ ಬಿಟ್ಟದ್ದು.

ಹೆಂಡತಿ ಮೆಟ್ಟಿಲಿಳಿದು ಬಂದು ಸ್ಪ್ಯಾನರಳ ಕೈಯಿಂದ ಫೋನು ಇಸಿದುಕೊಂಡಳು. "ಅಸಲಿ ವಿಡಿಯೋಗಳು ನನ್ನ ಹತ್ರ ಇವೆ ಕಣೇ. ಎಲ್ಲಾ ಕಳಿಸ್ತೀನಿ, ಬೇರಿಂಗ್ ಹೋಗಿದ್ದೇ ಬೇಕಾದಷ್ಟಿದೆ. ಇವತ್ತಿಡೀ ಕೇಳು. ಒಳಗೆ ಬಾ, ಏನಾದ್ರೂ ತಿಂದ್ಯಾ?"

"ನಿಮ್ಗೆ ಮೊದ್ಲೇ ಗೊತ್ತಿತ್ತಾ ಅಕ್ಕಾ?"

"ಗೋಡೆ ಜೊತೆ ಮಾತಾಡೋಳಿಗೆ ಗೊತ್ತಾಗ್ದೆ ಇರುತ್ತಾ?"

ಇಬ್ಬರೂ ನಕ್ಕರು. ನನಗೆ ಕಂಡಿತು. ಮೇಡಮ್ಮಿಗೆ ನಾನೇ ಹೋಗಿ ಹೇಳಬೇಕು ಎಂಬುದು ಆ ನಗುವಿನ ನಡುವೆಯೇ ಹೊಳೆಯಿತು. ಸ್ಕ್ರೂಡ್ರೈವರನ್ನು ಮೆಟ್ಟಿಲ ಮೇಲಿಟ್ಟೆ.

"ಸ್ಪ್ಯಾನರ್" ಎಂದೆ. "ಹೇಗಿರುತ್ತಮ್ಮಾ ಆ ಸಿಳ್ಳೆ? ಮರೆತ ಹಾಗಾಗಿದೆ. ಒಂದ್ಸಲ ಮಾಡಿ ತೋರ್ಸು."

"ಬಾಯಲ್ಲಾ ಸರ್?"

"ಮತ್ತೆ? ನನ್ನ ಶಿಷ್ಯೆ ತಾನೇ ನೀನು."

ಅವಳು ನಾಚಿಕೊಂಡು ಬೀದಿಯ ಎರಡೂ ತುದಿ ನೋಡಿದಳು. ಯಾರೂ ಇರಲಿಲ್ಲ. ಉಸಿರು ಎಳೆದುಕೊಂಡು, ತುಟಿ ಕೂಡಿಸಿ, ನಾಲಗೆಯನ್ನು ಎಲ್ಲೋ ಒಳಗೆ ಒತ್ತಿದಳು. ಕತ್ತಿನ ನರ ಉಬ್ಬಿತು. ಕೆನ್ನೆಗಳು ಸಣ್ಣಗೆ ನಡುಗಿದವು. ಹೆಂಡತಿ ಕಿವಿ ಮುಚ್ಚಿಕೊಂಡಳು. ನಾನು ಆ ತುಟಿಗಳನ್ನೇ ನೋಡುತ್ತಾ ನಿಂತೆ.

ಮೆಟ್ಟಿಲ ಕೆಳಗೆ ಮಲಗಿದ್ದ ನಾಯಿ ತಲೆಯೆತ್ತಿ, ಮೊದಲು ಒಂದು ಕಿವಿಯನ್ನು ನಿಮಿರಿಸಿತು. ಆಮೇಲೆ ಇನ್ನೊಂದನ್ನೂ.